ನನಗೆ ಗೊತ್ತು, ನೀನು ಕೂತ್ಕೋ

ನಾವು ಇಳಿಯಬೇಕಿದ್ದ ಸ್ಟೇಷನ್ ನಮ್ಮ ಕಣ್ಣೆದುರೇ ಹಿಂದಕ್ಕೆ ಓಡಿತು. 'ಟರ್ನಮ್ ಗ್ರೀನ್' ಅಂತ ಬರೆದಿದ್ದ ಬೋರ್ಡು, ಒಂದು ಬೆಂಚು, ದಪ್ಪ ಕೋಟು ಹಾಕಿಕೊಂಡು ನಿಂತಿದ್ದ ನಾಲ್ಕೈದು ಜನ, ಎಲ್ಲವೂ ಚೆನ್ನಾಗಿಯೇ ಕಾಣಿಸಿತು. ರೈಲು ಮಾತ್ರ ವೇಗ ಕಮ್ಮಿ ಮಾಡಲಿಲ್ಲ.

ಅಕ್ಕ ಕಿಟಕಿಯಿಂದ ನನ್ನ ಕಡೆ ತಿರುಗಿದಳು. "ಅದೇ ಅಲ್ವೇನೋ ನಮ್ಮ ಸ್ಟೇಷನ್ನು?"

"ಹೂಂ," ಅಂದೆ. ಬೇರೆ ಏನು ಹೇಳೋದು?

ಲಂಡನ್‌ನಲ್ಲಿ ಅದು ನಮ್ಮ ಮೂರನೇ ದಿನ. ನವೆಂಬರ್ ತಿಂಗಳು. ಕ್ಯೂ ಗಾರ್ಡನ್ಸ್ ಅನ್ನುವ ದೊಡ್ಡ ಸಸ್ಯೋದ್ಯಾನ ನೋಡಲು ಹೊರಟಿದ್ದೆವು. ಉಳಿದುಕೊಂಡಿದ್ದದ್ದು ರಸಲ್ ಸ್ಕ್ವೇರ್ ಹತ್ತಿರ. ಅಲ್ಲಿಂದ ಅಂಡರ್‌ಗ್ರೌಂಡ್, ಅಂದರೆ ಲಂಡನ್ ಮೆಟ್ರೋದ, ಪಿಕಡಿಲಿ ಲೈನ್ ಹತ್ತಿ ಪಶ್ಚಿಮಕ್ಕೆ ಹೋಗಬೇಕು, ಟರ್ನಮ್ ಗ್ರೀನ್‌ನಲ್ಲಿ ಇಳಿದು ಡಿಸ್ಟ್ರಿಕ್ಟ್ ಲೈನ್ ಹಿಡಿಯಬೇಕು, ಅಲ್ಲಿಂದ ಎರಡನೇ ಸ್ಟಾಪೇ ಕ್ಯೂ. ಹಿಂದಿನ ರಾತ್ರಿ ಮ್ಯಾಪ್ ಹರಡಿಕೊಂಡು ಕೂತು ನಾನೇ ಹಾಕಿದ್ದ ಯೋಜನೆ. ಮ್ಯಾಪ್‌ನಲ್ಲಿ ಪಿಕಡಿಲಿಯ ನೀಲಿ ಗೆರೆ, ಡಿಸ್ಟ್ರಿಕ್ಟ್‌ನ ಹಸಿರು ಗೆರೆ ಎರಡೂ ಅಂಟಿಕೊಂಡೇ ಹೋಗುತ್ತವೆ. ಟರ್ನಮ್ ಗ್ರೀನ್ ಎರಡರ ಮೇಲೂ ಇದೆ. ಹೆಸರಿನ ಪಕ್ಕ ಒಂದು ಪುಟ್ಟ ಗುರುತೂ ಇತ್ತು. ಅದನ್ನು ನೋಡಿದ್ದೆ. ಅದೇನು ಹೇಳುತ್ತದೆ ಅಂತ ಓದಿರಲಿಲ್ಲ. ಪಿಕಡಿಲಿ ರೈಲುಗಳು ಅಲ್ಲಿ ನಿಲ್ಲುವುದು ಬೆಳಗಿನ ಜಾವ ಮತ್ತು ರಾತ್ರಿ ಹೊತ್ತಾದ ಮೇಲೆ ಮಾತ್ರ. ಉಳಿದ ಹೊತ್ತಿನಲ್ಲಿ ಹ್ಯಾಮರ್‌ಸ್ಮಿತ್ ಬಿಟ್ಟರೆ ಆ್ಯಕ್ಟನ್ ಟೌನ್‌ವರೆಗೆ ಅವು ಎಲ್ಲೂ ನಿಲ್ಲುವುದಿಲ್ಲ.

ಹ್ಯಾಮರ್‌ಸ್ಮಿತ್‌ನಲ್ಲಿ ಬೋಗಿಯ ಅರ್ಧ ಜನ ಇಳಿದಿದ್ದರು. ಎದುರು ಪ್ಲಾಟ್‌ಫಾರ್ಮ್‌ಗೇ ಡಿಸ್ಟ್ರಿಕ್ಟ್ ರೈಲು ಬರುತ್ತದೆ, ನಾಲ್ಕು ಹೆಜ್ಜೆ ನಡೆದರೆ ಸಾಕು. ಅಕ್ಕ ಆಗಲೇ ಕೇಳಿದ್ದಳು: "ಇಷ್ಟೊಂದು ಜನ ಇಳೀತಿದ್ದಾರಲ್ಲೋ, ಯಾರನ್ನಾದ್ರೂ ಒಂದು ಮಾತು ಕೇಳೋಣ್ವಾ?"

"ನನಗೆ ಗೊತ್ತು ಅಕ್ಕ, ನೀನು ಕೂತ್ಕೋ."

ಈ ವಾಕ್ಯವನ್ನು ನಾನು ಎರಡೇ ದಿನದಲ್ಲಿ ಎಷ್ಟು ಸಲ ಹೇಳಿದೆ ಅನ್ನುವ ಲೆಕ್ಕ ಅಕ್ಕನ ಹತ್ತಿರ ಇದೆ. ನನ್ನ ಹತ್ತಿರ ಇಲ್ಲ.

ನಡೆಯುವಾಗ ದಾರಿ ತಪ್ಪಿದರೆ ಮೈಗೆ ಗೊತ್ತಾಗುತ್ತದೆ. ಹೆಜ್ಜೆ ನಿಧಾನ ಆಗುತ್ತದೆ, ತಿರುವಿನಲ್ಲಿ ನಿಲ್ಲುತ್ತೇವೆ, ಹಿಂದೆ ತಿರುಗಿ ನೋಡುತ್ತೇವೆ. ರೈಲಿನಲ್ಲಿ ಹಾಗಲ್ಲ. ತಪ್ಪು ರೈಲೂ ಸರಿಯಾದ ರೈಲಿನಷ್ಟೇ ಜೋರಾಗಿ, ಅಷ್ಟೇ ಧೈರ್ಯವಾಗಿ ಹೋಗುತ್ತದೆ. ಸೀಟು ಮೆತ್ತಗಿರುತ್ತದೆ. ಎದುರಿಗೆ ಕೂತವರು ನೆಮ್ಮದಿಯಾಗಿ ಪುಸ್ತಕ ಓದುತ್ತಿರುತ್ತಾರೆ. ಅವರೆಲ್ಲ ಸರಿಯಾದ ದಾರಿಯಲ್ಲೇ ಇದ್ದಾರೆ, ಅವರ ನೆಮ್ಮದಿಯನ್ನು ನಾವು ನಮ್ಮದು ಅಂದುಕೊಂಡು ಕೂತಿರುತ್ತೇವೆ ಅಷ್ಟೇ. ನಿಜ ಹೇಳಬೇಕೆಂದರೆ ಟರ್ನಮ್ ಗ್ರೀನ್ ದಾಟುವ ಆ ಗಳಿಗೆಯವರೆಗೂ ನನ್ನ ಮನಸ್ಸಿನಲ್ಲಿ ಒಂದು ಎಳೆ ಅನುಮಾನವೂ ಇರಲಿಲ್ಲ. ಎರಡು ದಿನದ ಹಿಂದೆ ಹೀಥ್ರೋದಿಂದ ಇದೇ ಲೈನಿನಲ್ಲಿ ಬಂದಿದ್ದೆವು. ಹಾಗಾಗಿ ಇದು 'ನನಗೆ ಗೊತ್ತಿರುವ ಲೈನು'. ಬರುವಾಗಲೂ ಅದು ಟರ್ನಮ್ ಗ್ರೀನ್‌ನಲ್ಲಿ ನಿಂತಿರಲಿಲ್ಲ. ಆಗ ನಾನು ನಿದ್ದೆ ಮಾಡುತ್ತಿದ್ದೆ.

ಆ್ಯಕ್ಟನ್ ಟೌನ್‌ನಲ್ಲಿ ಇಳಿದೆವು. ಇಳಿಯದೆ ಕೂತಿದ್ದರೆ ಮತ್ತೆ ಹೀಥ್ರೋಗೇ ಹೋಗುತ್ತಿದ್ದೆವು, ಬೋಗಿಯ ಮೇಲೆ ಹಾಗಂತಲೇ ಬರೆದಿತ್ತು. ನಾನು ಮ್ಯಾಪ್ ತೆಗೆಯುವಷ್ಟರಲ್ಲಿ ಅಕ್ಕ ನಾಯಿ ಹಿಡಿದುಕೊಂಡು ನಿಂತಿದ್ದ ಒಬ್ಬ ಅಜ್ಜನ ಹತ್ತಿರ ಹೋಗಿ ಮಾತಾಡುತ್ತಿದ್ದಳು. ಅವಳ ಇಂಗ್ಲಿಷ್‌ನಲ್ಲಿ ಕ್ರಿಯಾಪದ ಕಡಿಮೆ. ಕೈಸನ್ನೆ ಜಾಸ್ತಿ. ಆದರೂ ಕೆಲಸ ಆಗುತ್ತದೆ. "ಕ್ಯೂ?" ಅಂದಳು, ಬೆರಳಿನಲ್ಲಿ ಆ ಕಡೆ ಈ ಕಡೆ ತೋರಿಸಿದಳು. ಅಜ್ಜ ನಕ್ಕು, ಹಸಿರು ರೈಲು ಹಿಡಿದು ಹಿಂದಕ್ಕೆ ಟರ್ನಮ್ ಗ್ರೀನ್‌ಗೆ ಹೋಗಿ, ಅಲ್ಲಿ ಆಚೆ ಪ್ಲಾಟ್‌ಫಾರ್ಮ್‌ಗೆ ದಾಟಿ, ರಿಚ್‌ಮಂಡ್ ರೈಲು ಹತ್ತಿ ಅಂತ ಬಿಡಿಸಿ ಹೇಳಿದರು. ರಿಚ್‌ಮಂಡ್ ಅನ್ನುವ ಹೆಸರನ್ನು ಎರಡು ಸಲ ಹೇಳಿದರು. ಅದು ಅಕ್ಕನ ಕಿವಿಗೆ ಬಿತ್ತು, ನನ್ನ ಕಿವಿಗೆ ಬೀಳಲಿಲ್ಲ. ನಾನು ಮ್ಯಾಪ್ ನೋಡುತ್ತಿದ್ದೆ.

ಹಾಗಾಗಿ ಟರ್ನಮ್ ಗ್ರೀನ್‌ನಲ್ಲಿ ಮೆಟ್ಟಿಲು ಇಳಿದು ಹತ್ತಿ ಆಚೆ ಬದಿಗೆ ಹೋದಾಗ, ಮೊದಲು ಬಂದ ಹಸಿರು ರೈಲಿಗೆ ಅಕ್ಕನನ್ನು ಹತ್ತಿಸಿದವನು ನಾನೇ. ಡಿಸ್ಟ್ರಿಕ್ಟ್ ಲೈನ್ ಒಂದೇ ಗೆರೆ ಅಲ್ಲ, ಬೇರು ಬಿಟ್ಟ ಗಿಡದ ಹಾಗೆ ಕವಲಾಗಿದೆ. ಪಶ್ಚಿಮದ ಕಡೆಯೇ ರಿಚ್‌ಮಂಡ್, ಈಲಿಂಗ್ ಬ್ರಾಡ್‌ವೇ, ವಿಂಬಲ್ಡನ್ ಅಂತ ಬೇರೆ ಬೇರೆ ಕೊನೆಗಳು. ಬಣ್ಣ ಎಲ್ಲಕ್ಕೂ ಹಸಿರೇ. ಬಣ್ಣ ನೋಡಿ ಹತ್ತಬಾರದು, ರೈಲಿನ ಹಣೆ ಮೇಲೆ ಬರೆದಿರುವ ಕೊನೆಯ ಸ್ಟೇಷನ್ ನೋಡಿ ಹತ್ತಬೇಕು. ನಾವು ಹತ್ತಿದ್ದು ಈಲಿಂಗ್ ರೈಲು. ಇಷ್ಟು ಸಣ್ಣ ವಿಷಯ ತಿಳಿಯಲು ನಮಗೆ ಚಿಸಿಕ್ ಪಾರ್ಕ್ ಸ್ಟೇಷನ್ ಬೇಕಾಯಿತು. ಹತ್ತು ನಿಮಿಷದ ಹಿಂದೆ ದಾಟಿ ಬಂದಿದ್ದ ಅದೇ ಚಿಸಿಕ್ ಪಾರ್ಕ್.

ಆದರೆ ಆ ಸ್ಟೇಷನ್ ಬಗ್ಗೆ ನನಗೆ ದೂರಿಲ್ಲ. ಎದುರಿನ ಪ್ಲಾಟ್‌ಫಾರ್ಮ್‌ಗೆ ಹೋಗಲು ಕೆಳಗಿಳಿದು ಟಿಕೆಟ್ ಹಾಲ್ ದಾಟಬೇಕಿತ್ತು. ಅರ್ಧ ಚಂದ್ರನ ಆಕಾರದಲ್ಲಿ ಇಟ್ಟಿಗೆಯ ಗೋಡೆ ಎತ್ತರಕ್ಕೆ ಎದ್ದಿದೆ, ಅದರ ಮೇಲ್ಭಾಗದಲ್ಲಿ ಸುತ್ತಲೂ ಕಿಟಕಿ. ನವೆಂಬರ್‌ನ ಮಬ್ಬು ಬೆಳಕೂ ಒಳಗೆ ತಣ್ಣಗೆ ಸುರಿಯುತ್ತಿತ್ತು. ಚಾರ್ಲ್ಸ್ ಹೋಲ್ಡನ್ ಅನ್ನುವ ವಾಸ್ತುಶಿಲ್ಪಿ 1930ರ ದಶಕದ ಆರಂಭದಲ್ಲಿ ಮಾಡಿದ ವಿನ್ಯಾಸ ಅದು. ಅಕ್ಕ ಕತ್ತೆತ್ತಿ ನೋಡುತ್ತಾ ನಿಂತಳು. ನಾನು "ಬಾ ಅಕ್ಕ, ರೈಲು ತಪ್ಪುತ್ತೆ" ಅಂದೆ. ಅವಳು ನನ್ನನ್ನು ನೋಡಿದ ರೀತಿಗೆ ಮಾತು ಬೇಕಿರಲಿಲ್ಲ.

ಕ್ಯೂ ತಲುಪಿದಾಗ ಮುಚ್ಚಲು ಒಂದು ಗಂಟೆಯೂ ಉಳಿದಿರಲಿಲ್ಲ. ಚಳಿಗಾಲದಲ್ಲಿ ಅಲ್ಲಿ ಬೇಗ ಬಾಗಿಲು ಹಾಕುತ್ತಾರೆ. ಹತ್ತು ಅಂತಸ್ತಿನ ಪಗೋಡಾ ದೂರದಿಂದಲೇ ಕಂಡಿತು. ಬೇರೆಲ್ಲ ಬಿಟ್ಟು ಪಾಮ್ ಹೌಸ್‌ಗೆ ನುಗ್ಗಿದೆವು. 1848ರಲ್ಲಿ ಕಟ್ಟಿ ಮುಗಿಸಿದ ಕಬ್ಬಿಣ ಮತ್ತು ಗಾಜಿನ ದೊಡ್ಡ ಮನೆ. ಒಳಗೆ ಕಾಲಿಟ್ಟ ಕೂಡಲೇ ಕನ್ನಡಕದ ಮೇಲೆ ಹಬೆ ಕೂತು ಏನೂ ಕಾಣದಾಯಿತು. ಒರೆಸಿಕೊಂಡು ನೋಡಿದರೆ ಎದುರಿಗೆ ತಾಳೆಯ ಹಾಗೆ ಕಾಣುವ ಒಂದು ವಯಸ್ಸಾದ ಸೈಕಾಡ್ ಗಿಡ, ಕುಂಡದಲ್ಲಿ, ಮೈ ವಾಲಿಸಿಕೊಂಡು. 1775ರಲ್ಲಿ ದಕ್ಷಿಣ ಆಫ್ರಿಕಾದಿಂದ ಹಡಗಿನಲ್ಲಿ ಬಂದದ್ದು. ಜಗತ್ತಿನಲ್ಲೇ ಅತಿ ಹಳೆಯ ಕುಂಡದ ಗಿಡ ಅಂತ ಅದಕ್ಕೆ ಹೆಸರು.

"ಪಾಪ," ಅಂದಳು ಅಕ್ಕ. "ಇದಕ್ಕೆ ವಾಪಸ್ ಹೋಗೋ ರೈಲೂ ಇಲ್ಲ."

ಈಗ ಆ ಮ್ಯಾಪ್ ಬಗ್ಗೆ ಸ್ವಲ್ಪ ಹೇಳಬೇಕು. ಅದನ್ನು ಮೊದಲು ಬರೆದವನು ಹ್ಯಾರಿ ಬೆಕ್. ಅಂಡರ್‌ಗ್ರೌಂಡ್‌ನ ಸಿಗ್ನಲ್ ವಿಭಾಗದಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವನು. ಅವನ ತಲೆಗೆ ಹೊಳೆದದ್ದು ಒಂದು ಸರಳ ವಿಷಯ: ನೆಲದ ಕೆಳಗೆ ಹೋಗುತ್ತಿರುವವನಿಗೆ ಮೇಲೆ ಏನಿದೆ ಅನ್ನುವುದು ಬೇಕಿಲ್ಲ. ಯಾವುದಾದ ಮೇಲೆ ಯಾವುದು, ಎಲ್ಲಿ ಬದಲಾಯಿಸಬೇಕು, ಇಷ್ಟು ಸಾಕು. ಅಂಕುಡೊಂಕು ಹಳಿಗಳನ್ನೆಲ್ಲ ನೆಟ್ಟಗೆ ಮಾಡಿದ. ಅಡ್ಡ, ಉದ್ದ, ಇಲ್ಲವೇ 45 ಡಿಗ್ರಿ ಓರೆ, ಅಷ್ಟೇ. ದೂರದ ಸ್ಟೇಷನ್‌ಗಳನ್ನು ಹತ್ತಿರ ಎಳೆದ, ನಡುವಿನ ಒತ್ತಾದ ಸ್ಟೇಷನ್‌ಗಳನ್ನು ಬಿಡಿಸಿದ. 1931ರಲ್ಲಿ ತೋರಿಸಿದಾಗ ಇದೆಂಥ ವಿಚಿತ್ರ ಅಂತ ಬೇಡ ಅಂದರು. 1933ರಲ್ಲಿ ಅಚ್ಚಾದಾಗ ಜನ ಕೈತುಂಬ ತೆಗೆದುಕೊಂಡು ಹೋದರು. ಆಮೇಲೆ ಎಷ್ಟೋ ಊರುಗಳ ಮೆಟ್ರೋ ಮ್ಯಾಪ್‌ಗಳು ಅದೇ ಜಾಡು ಹಿಡಿದವು. ನೆಲದ ಮೇಲಿನದು ಅಂತ ಅದರಲ್ಲಿ ಉಳಿದದ್ದು ಥೇಮ್ಸ್ ನದಿ ಒಂದೇ. 2009ರಲ್ಲಿ ಅದನ್ನೂ ತೆಗೆದುಬಿಟ್ಟಿದ್ದರು. ಜನ ಗಲಾಟೆ ಮಾಡಿ ವಾಪಸ್ ಹಾಕಿಸಿದರು.

ಮ್ಯಾಪ್ ಸುಳ್ಳು ಹೇಳುವುದಿಲ್ಲ, ಆದರೆ ಕೇಳದ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಎರಡನೇ ದಿನವೇ ಇದರ ರುಚಿ ಆಗಿತ್ತು. ಲೆಸ್ಟರ್ ಸ್ಕ್ವೇರ್‌ನಿಂದ ಕಾವೆಂಟ್ ಗಾರ್ಡನ್‌ಗೆ ಟ್ಯೂಬ್, ಅಂದರೆ ಇದೇ ನೆಲದಡಿಯ ರೈಲು, ಹತ್ತಿದ್ದೆವು. ಮ್ಯಾಪ್‌ನಲ್ಲಿ ಬೇರೆ ಎರಡು ಸ್ಟೇಷನ್‌ಗಳ ನಡುವೆ ಇರುವಷ್ಟೇ ಅಂತರ ಕಾಣುತ್ತದೆ. ನಿಜವಾಗಿ ಇರುವುದು ಸುಮಾರು 260 ಮೀಟರ್. ಇಡೀ ಜಾಲದಲ್ಲೇ ಅತಿ ಕಡಿಮೆ ದೂರ. ಇಳಿದ ಮೇಲೆ ಲಿಫ್ಟ್ ಮುಂದೆ ಸಾಲು ಉದ್ದ ಇದೆ ಅಂತ ಮೆಟ್ಟಿಲು ಹಿಡಿದೆವು. 193 ಮೆಟ್ಟಿಲು. ಮೇಲೆ ಬಂದು ಏದುಸಿರು ಬಿಡುತ್ತಾ ಅಕ್ಕ ಆಚೆ ನೋಡಿದಳು. ನಾವು ಹೊರಟ ಜಾಗ ಹೆಚ್ಚೂಕಡಿಮೆ ಅಲ್ಲೇ ಇತ್ತು.

ಇಷ್ಟೆಲ್ಲ ಆದ ಮೇಲಾದರೂ ಸುಮ್ನೆ ಇರಬೇಕಿತ್ತು. ಆದರೆ ಕ್ಯೂನಿಂದ ವಾಪಸ್ ಬರುವಾಗ ನನಗೆ ಪಿಕಡಿಲಿ ಲೈನಿನ ಮೇಲೆ ಮುನಿಸು. ನೇರವಾಗಿ ರಸಲ್ ಸ್ಕ್ವೇರ್‌ಗೆ ಕರೆದುಕೊಂಡು ಹೋಗುತ್ತಿದ್ದದ್ದು ಅದೊಂದೇ, ಅದಿರಲಿ. ನಾನು ಹೊಸ ಯೋಜನೆ ಹಾಕಿದೆ. ಗ್ಲಾಸ್ಟರ್ ರೋಡ್‌ನಲ್ಲಿ ಇಳಿದು ಸರ್ಕಲ್ ಲೈನ್ ಹತ್ತೋಣ. ಹಳದಿ ಗೆರೆ. ಹೆಸರೇ ಸರ್ಕಲ್. ಸುತ್ತು ಹಾಕಿಕೊಂಡು ಹೋಗುತ್ತದೆ, ರಸಲ್ ಸ್ಕ್ವೇರ್ ಪಕ್ಕದ ಕಿಂಗ್ಸ್ ಕ್ರಾಸ್ ಬಂದಾಗ ಇಳಿದರಾಯಿತು. ನಿದ್ದೆ ಹೋದರೂ ಚಿಂತೆ ಇಲ್ಲ, ಇನ್ನೊಂದು ಸುತ್ತು ಬರುತ್ತೆ ಅಂತ ಅಕ್ಕನಿಗೆ ಧೈರ್ಯ ಬೇರೆ ಹೇಳಿದೆ.

ಎಡ್ಜ್‌ವೇರ್ ರೋಡ್ ಅನ್ನುವ ಸ್ಟೇಷನ್‌ನಲ್ಲಿ ರೈಲು ನಿಂತಿತು. ನಿಂತೇ ಇತ್ತು. 'ಆಲ್ ಚೇಂಜ್ ಪ್ಲೀಸ್' ಅಂತ ಘೋಷಣೆ ಬಂತು. ಎಲ್ಲರೂ ಎದ್ದು ಹೋದರು. ನಾನು ಅಲುಗಾಡಲಿಲ್ಲ. ಸರ್ಕಲ್‌ಗೆ ಕೊನೆ ಎಲ್ಲಿಂದ ಬರಬೇಕು?

ಬಂದಿತ್ತು. 1884ರಿಂದ ಅದು ನಿಜವಾಗಿಯೂ ಸುತ್ತುತ್ತಿತ್ತು. ಆದರೆ ಸುತ್ತುತ್ತಲೇ ಇರುವ ರೈಲಿಗೆ ಒಂದು ತೊಂದರೆ ಇದೆ: ಒಮ್ಮೆ ತಡವಾದರೆ ಆ ತಡವನ್ನು ಸರಿಮಾಡಿಕೊಳ್ಳಲು ಕೊನೆಯ ಸ್ಟೇಷನ್ ಅಂತ ಒಂದು ಇರುವುದಿಲ್ಲ. ಹಾಗಾಗಿ 2009ರ ಡಿಸೆಂಬರ್‌ನಲ್ಲಿ ಉಂಗುರವನ್ನು ಒಡೆದು ಬಾಲ ಸೇರಿಸಿದರು. ಈಗ ಅದು ಹ್ಯಾಮರ್‌ಸ್ಮಿತ್‌ನಲ್ಲಿ ಹೊರಟು, ಎಡ್ಜ್‌ವೇರ್ ರೋಡ್ ದಾಟಿ, ನಗರ ಪೂರ್ತಿ ಸುತ್ತಿ, ಮತ್ತೆ ಎಡ್ಜ್‌ವೇರ್ ರೋಡ್‌ಗೆ ಬಂದು ನಿಂತುಬಿಡುತ್ತದೆ. ಹೆಸರು ಮಾತ್ರ ಸರ್ಕಲ್ ಅಂತಲೇ ಉಳಿದಿದೆ. ಇದನ್ನು ನನಗೆ ಹೇಳಿದವಳು ಅಕ್ಕ. ಅವಳಿಗೆ ಹೇಳಿದ್ದು ಪ್ಲಾಟ್‌ಫಾರ್ಮ್ ಮೇಲಿದ್ದ ಸಿಬ್ಬಂದಿ. ನಾನು ರೈಲಿನೊಳಗೇ ಕೂತು ವಾದ ಮಾಡುತ್ತಿದ್ದಾಗ ಅವಳು ಇಳಿದು, ಕೇಳಿ, ಕಿಂಗ್ಸ್ ಕ್ರಾಸ್ ರೈಲು ಎಲ್ಲಿ ಬರುತ್ತದೆ ಅಂತಲೂ ತಿಳಿದುಕೊಂಡು ಬಂದಿದ್ದಳು.

ಕತ್ತಲಾಗಿತ್ತು. ಪ್ಲಾಟ್‌ಫಾರ್ಮ್ ಮೇಲೆ ತೆರೆದ ಆಕಾಶ, ಸಣ್ಣಗೆ ಮಳೆ. ನಮ್ಮ ರೈಲು ಬರುವವರೆಗೆ ಸುಮ್ನೆ ನಿಂತಿದ್ದೆವು.

ಅಕ್ಕ ನನಗಿಂತ 11 ವರ್ಷ ದೊಡ್ಡವಳು. ಅವಳಿಗೆ ಗೊತ್ತಿಲ್ಲ ಅನ್ನುವುದು ಅವಳಿಗೆ ಗೊತ್ತಿರುತ್ತದೆ, ಹಾಗಾಗಿ ಕೇಳುತ್ತಾಳೆ. ನನಗೆ ಅರ್ಧ ಗೊತ್ತಿರುತ್ತದೆ. ದಾರಿ ತಪ್ಪಿಸುವುದು ಆ ಅರ್ಧವೇ. ಏನೂ ಗೊತ್ತಿಲ್ಲದ ದಿನ, ಅಂದರೆ ಹೀಥ್ರೋದಿಂದ ಬಂದ ಮೊದಲ ದಿನ, ಒಂದು ತಪ್ಪೂ ಆಗಿರಲಿಲ್ಲ. ರೈಲು ಹತ್ತುವ ಮೊದಲು ಪ್ರತಿ ಬೋರ್ಡನ್ನೂ ಎರಡು ಸಲ ಓದಿದ್ದೆ.

ಮರುದಿನ ನಾನು ಮಾಡಿದ್ದು ಇನ್ನೂ ಚೆನ್ನಾಗಿದೆ.

ಬೆಳಗ್ಗೆ ಅಕ್ಕನಿಗೆ ನ್ಯಾಷನಲ್ ಗ್ಯಾಲರಿ ನೋಡುವ ಆಸೆ, ನನಗೆ ಸೈನ್ಸ್ ಮ್ಯೂಸಿಯಂ. ಮಧ್ಯಾಹ್ನ ಒಟ್ಟಿಗೆ ಲಿಟಲ್ ವೆನಿಸ್‌ಗೆ ಹೋಗಿ ಕಾಲುವೆ ಪಕ್ಕ ನಡೆಯೋಣ ಅಂತ ಮಾತಾಯಿತು. ಎಲ್ಲಿ ಸೇರುವುದು? ರೈಲಿನ ಕಿಟಕಿಗಳ ಮೇಲೆ ಆಯಾ ಲೈನಿನ ಪಟ್ಟಿ ಇರುತ್ತದಲ್ಲ, ಅದನ್ನು ಎರಡು ದಿನದಿಂದ ನೋಡಿಕೊಂಡು ಬಂದಿದ್ದೆ. ಅಕ್ಕ ಚೇರಿಂಗ್ ಕ್ರಾಸ್‌ನಲ್ಲಿ ಬೇಕರ್‌ಲೂ ಲೈನ್ ಹತ್ತುತ್ತಾಳೆ. ಅದರಲ್ಲಿ ಎಡ್ಜ್‌ವೇರ್ ರೋಡ್ ಇದೆ. ನಾನು ಸೌತ್ ಕೆನ್ಸಿಂಗ್ಟನ್‌ನಲ್ಲಿ ಸರ್ಕಲ್ ಹತ್ತುತ್ತೇನೆ. ಅದರಲ್ಲೂ ಎಡ್ಜ್‌ವೇರ್ ರೋಡ್ ಇದೆ. ಇಬ್ಬರಿಗೂ ಬದಲಾಯಿಸುವ ಗೋಜಿಲ್ಲ. ಅಲ್ಲದೆ ಅದು ನಿನ್ನೆ ರಾತ್ರಿಯಷ್ಟೇ ನೋಡಿದ ಸ್ಟೇಷನ್.

"ಹೊರಗೆ ಬಾಗಿಲ ಹತ್ತಿರ ನಿಂತಿರು. ಎರಡು ಗಂಟೆಗೆ," ಅಂದೆ.

"ಯಾರನ್ನೂ ಕೇಳೋದು ಬೇಡ್ವಾ?"

"ಬೇಡ ಅಕ್ಕ. ನನಗೆ ಗೊತ್ತು."

ಎರಡಕ್ಕೆ ಐದು ನಿಮಿಷ ಇರುವಾಗಲೇ ತಲುಪಿದೆ. ಹೊರಗೆ ಬಂದು ನಿಂತೆ. ಎರಡೂ ಹತ್ತಾಯಿತು. ಎರಡೂ ಕಾಲಾಯಿತು. ಫೋನ್ ಮಾಡಿದೆ.

"ಎಲ್ಲಿದ್ದೀಯ ಅಕ್ಕ?"

"ಎಡ್ಜ್‌ವೇರ್ ರೋಡ್ ಬಾಗಿಲ ಮುಂದೆ. ಇಪ್ಪತ್ತು ನಿಮಿಷ ಆಯ್ತು. ನೀನೆಲ್ಲೋ?"

"ನಾನೂ ಅಲ್ಲೇ ಇದ್ದೀನಿ. ಕಿಟಕಿ ಒರೆಸೋನ ಪ್ರತಿಮೆ ಇದೆ ನೋಡು, ಕಂಚಿಂದು. ಏಣಿ ಹಿಡ್ಕೊಂಡು ಮೇಲೆ ನೋಡ್ತಿದ್ದಾನೆ. ಅದರ ಹತ್ತಿರ."

"ಇಲ್ಲಿ ಪ್ರತಿಮೆ ಗಿತಿಮೆ ಏನೂ ಇಲ್ಲ. ಗೋಡೆಗೆಲ್ಲ ಕೆಂಪು ಟೈಲ್ಸ್ ಇದೆ."

ನಾನು ಹಿಂದೆ ತಿರುಗಿ ನೋಡಿದೆ. ನನ್ನ ಸ್ಟೇಷನ್ ಬಿಳುಪಾಗಿತ್ತು.

"ಬೇರೆ ಬಾಗಿಲಲ್ಲಿ ಬಂದಿರಬೇಕು ನೀನು," ಅಂದೆ.

"ಬಾಗಿಲು ಇರೋದೇ ಒಂದು. ಅಲ್ವೋ, ನಿನ್ನೆ ಪ್ಲಾಟ್‌ಫಾರ್ಮಲ್ಲಿ ಆಕಾಶ ಕಾಣ್ತಿತ್ತು. ಮಳೆ ಬಿತ್ತು. ಇವತ್ತು ನೆಲದೊಳಗಿಂದ ಲಿಫ್ಟಲ್ಲಿ ಬಂದೆ. ಇದು ಬೇರೆ ಸ್ಟೇಷನ್ನೇ ಇರಬೇಕು ಕಣೋ."

"ಹೆಸರು ಒಂದೇ ಅಲ್ವಾ ಅಕ್ಕ! ಎರಡು ಸ್ಟೇಷನ್‌ಗೆ ಒಂದೇ ಹೆಸರು ಯಾರಾದ್ರೂ ಇಡ್ತಾರಾ?"

ಇಟ್ಟಿದ್ದಾರೆ. ಅಕ್ಕ ಹೇಳಿದ ಆಕಾಶ ಮತ್ತು ಲಿಫ್ಟ್ ಎರಡರಲ್ಲೇ ಉತ್ತರ ಇತ್ತು. ನಾನು ನಿಂತಿದ್ದದ್ದು 1863ರ ಸ್ಟೇಷನ್. ಜಗತ್ತಿನ ಮೊದಲ ನೆಲದಡಿಯ ರೈಲು ಆ ವರ್ಷ ಜನವರಿಯಲ್ಲಿ ಓಡಿದ್ದು ಅದೇ ಹಳಿಯ ಮೇಲೆ. ಆಗ ರಸ್ತೆ ಅಗೆದು, ಹಳ್ಳ ತೋಡಿ, ಹಳಿ ಹಾಕಿ ಮೇಲೆ ಮುಚ್ಚುತ್ತಿದ್ದರು. ಓಡುತ್ತಿದ್ದದ್ದು ಹಬೆ ಎಂಜಿನ್. ಹೊಗೆ ಹೋಗಬೇಕಲ್ಲ, ಅದಕ್ಕೆ ಅಲ್ಲಲ್ಲಿ ಆಕಾಶಕ್ಕೆ ತೆರೆದುಬಿಟ್ಟಿದ್ದರು. ಅಕ್ಕ ನಿಂತಿದ್ದದ್ದು 1907ರ ಸ್ಟೇಷನ್. ಅಷ್ಟು ಹೊತ್ತಿಗೆ ವಿದ್ಯುತ್ ಬಂದಿತ್ತು, ನೆಲದ ಆಳದಲ್ಲಿ ಕೊಳವೆಯ ಹಾಗೆ ಸುರಂಗ ಕೊರೆಯುವುದು ಸಾಧ್ಯವಾಗಿತ್ತು. ಅದಕ್ಕೇ ಲಿಫ್ಟು. ಕಟ್ಟಿಸಿದ ಕಂಪನಿಯೇ ಬೇರೆ. ಅದೇ ರಸ್ತೆ, ಆದ್ದರಿಂದ ಅದೇ ಹೆಸರು. ಆ ಕೆಂಪು ಟೈಲ್ಸ್ ಲೆಸ್ಲಿ ಗ್ರೀನ್ ಅನ್ನುವವರ ಗುರುತು. ನಾಲ್ಕೈದು ವರ್ಷದಲ್ಲಿ ಸುಮಾರು 50 ಸ್ಟೇಷನ್‌ಗಳಿಗೆ ವಿನ್ಯಾಸ ಮಾಡಿ, 33ನೇ ವಯಸ್ಸಿಗೇ ತೀರಿಕೊಂಡರು. ದೂರದಿಂದಲೇ ಜನಕ್ಕೆ ತಮ್ಮ ಸ್ಟೇಷನ್ ಗುರುತು ಸಿಗಲಿ ಅಂತಲೇ ಆ ಎತ್ತಿನ ರಕ್ತದ ಬಣ್ಣ. ಅಕ್ಕನಿಗೆ ಸಿಕ್ಕಿತು. ಅವಳು ನನಗೆ ಹೇಳಿದಳು ಕೂಡ.

ಬೆಕ್‌ನ ಮ್ಯಾಪ್‌ನಲ್ಲೂ ಅವು ಎರಡು ಬೇರೆ ಬೇರೆ ಚುಕ್ಕಿಗಳು, ನಡುವೆ ಯಾವ ಗೆರೆಯೂ ಇಲ್ಲ. ಆ ಸಲ ಮ್ಯಾಪ್ ತೆರೆದೇ ಇರಲಿಲ್ಲ ನಾನು. ಗೊತ್ತಿತ್ತಲ್ಲ. ಇನ್ನು ನಾರ್ದರ್ನ್ ಲೈನಿನ ತುದಿಯಲ್ಲಿ 'ರೋಡ್' ಇಲ್ಲದ ಬರೀ ಎಡ್ಜ್‌ವೇರ್ ಒಂದಿದೆ. ಅದು ಊರಾಚೆ, ಮೈಲಿಗಟ್ಟಲೆ ದೂರ. ಅಲ್ಲಿಗೆ ನಾನು ಅಕ್ಕನನ್ನು ಕಳಿಸಲಿಲ್ಲ ಅನ್ನುವುದೇ ಸಮಾಧಾನ.

ಎರಡು ಸ್ಟೇಷನ್‌ಗಳ ನಡುವೆ ನಡೆದರೆ ಎರಡು ಮೂರು ನಿಮಿಷ. ಮಧ್ಯದಲ್ಲಿ ಒಂದು ಅಗಲ ರಸ್ತೆ, ಅದರ ಮೇಲೊಂದು ಫ್ಲೈಓವರ್. ಅದು ಅಡ್ಡ ಇದ್ದದ್ದರಿಂದಲೇ ಒಬ್ಬರಿಗೊಬ್ಬರು ಕಾಣಲಿಲ್ಲ. ನಾನು ಫೋನ್ ಇಟ್ಟು, ದಾರಿಯಲ್ಲಿ ಸಿಕ್ಕ ಒಬ್ಬ ಹುಡುಗಿಯನ್ನು ನಿಲ್ಲಿಸಿ ಕೇಳಿದೆ. ನಾಲ್ಕು ದಿನದಲ್ಲಿ ಮೊದಲ ಸಲ. ಅವಳು ಫ್ಲೈಓವರ್ ಕಡೆ ಕೈ ತೋರಿಸಿದಳು. ನಡೆದೆ. ಸಿಗ್ನಲ್‌ನಲ್ಲಿ ಎರಡು ಕಡೆ ಕಾದು ದಾಟಿದೆ. ಕೆಂಪು ಟೈಲ್ಸ್ ಕಂಡಿತು. ಕಮಾನು, ದೊಡ್ಡ ಅಕ್ಷರದಲ್ಲಿ ಹೆಸರು, ಒಂದೇ ಬಾಗಿಲು, ಎಲ್ಲ ಅಕ್ಕ ಹೇಳಿದ ಹಾಗೇ ಇತ್ತು. ಅಕ್ಕ ಮಾತ್ರ ಇರಲಿಲ್ಲ.

ಫೋನ್ ಬಡಿಯಿತು.

"ಇಲ್ಲೊಬ್ಬರನ್ನ ಕೇಳಿಕೊಂಡು ಬಂದೆ ಕಣೋ," ಅಂದಳು, ಖುಷಿಯಾಗಿ. "ನಿನ್ನ ಕಿಟಕಿ ಒರೆಸೋನು ಸಿಕ್ಕಿದ. ಏಣಿ ಇದೆ, ಮೇಲೆ ನೋಡ್ತಿದ್ದಾನೆ. ನೀನೆಲ್ಲಿ?"